ಶೇಕಡಾ 41ರಲ್ಲಿ ಆರಿಹೋದ ಲ್ಯಾಪ್‌ಟಾಪ್: ಒಂದು ಬ್ಯಾಟರಿಯ ಪ್ರಕರಣ ಅಧ್ಯಯನ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ. ಉಪನೋಂದಣಾಧಿಕಾರಿ ಕಚೇರಿಯ ಎದುರು ಸಾಲಿನಲ್ಲಿ ಪತ್ರ ಬರಹಗಾರರೊಬ್ಬರ ಪುಟ್ಟ ಮಳಿಗೆ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಇವೇ ಅಲ್ಲಿನ ದಿನದ ಕೆಲಸ. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ದಸ್ತಾವೇಜನ್ನು ಮೊದಲೇ ಆನ್‌ಲೈನಿನಲ್ಲಿ ಸಲ್ಲಿಸಬೇಕಾದ್ದರಿಂದ ಲ್ಯಾಪ್‌ಟಾಪ್ ಒಂದು ಗಂಟೆ ನಿಂತರೂ ಹೊರಗೆ ಜನ ಸಾಲುಗಟ್ಟುತ್ತಾರೆ. ಮಳಿಗೆಯ ಒಡತಿಯನ್ನು ಇಲ್ಲಿ ಬರಹಗಾರ್ತಿ ಎಂದು ಕರೆಯೋಣ. ಊರು, ಹೆಸರು, ಲ್ಯಾಪ್‌ಟಾಪಿನ ಕಂಪನಿ, ಅಂಗಡಿಗಳ ಗುರುತು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ.

ಯಂತ್ರ ನಾಲ್ಕೂವರೆ ವರ್ಷ ಹಳೆಯದು. ಬ್ಯಾಟರಿ ಒಳಗೇ ಕೂತಿರುವ ಮಾದರಿ: ಮೂರು ಚಪ್ಪಟೆ ಸೆಲ್‌ಗಳು ಸರಣಿಯಲ್ಲಿ, 11.4 ವೋಲ್ಟ್, 41.04 ವ್ಯಾಟ್‌ಅವರ್. ಅಡಾಪ್ಟರ್ 65 ವ್ಯಾಟ್‌ನದು. ಬೆಳಿಗ್ಗೆ ಒಂಬತ್ತೂವರೆಗೆ ಚಾರ್ಜರ್ ಚುಚ್ಚಿದರೆ ಸಂಜೆ ಆರಕ್ಕೇ ತೆಗೆಯುವುದು. ಅಂದರೆ ವರ್ಷಗಟ್ಟಲೆ ಬ್ಯಾಟರಿ ನೂರಕ್ಕೆ ನೂರು ತುಂಬಿಕೊಂಡೇ, ಪ್ರೊಸೆಸರಿನ ಬಿಸಿಯ ಪಕ್ಕದಲ್ಲೇ ಕೂತಿತ್ತು. ಕರೆಂಟ್ ಹೋದಾಗ ಐದು ಹತ್ತು ನಿಮಿಷ ಅದರ ಮೇಲೆ ಓಡಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವೇ ಇರಲಿಲ್ಲ.

ಘಟನೆಯ ದಿನ

ಜೂನ್ ಕೊನೆಯ ಸೋಮವಾರ ಬೆಳಿಗ್ಗೆ, ಜೋರು ಮಳೆಯ ನಡುವೆ ಕರೆಂಟ್ ಹೋಯಿತು. ಒಂದು ವಿಭಾಗಪತ್ರದ ಷೆಡ್ಯೂಲ್ ಟೈಪಾಗುತ್ತಿತ್ತು. ಒಂಬತ್ತು ನಿಮಿಷದಲ್ಲಿ ಬ್ಯಾಟರಿ ನೂರರಿಂದ 41ಕ್ಕೆ ಇಳಿಯಿತು. ಅಲ್ಲಿಂದ ಎಚ್ಚರಿಕೆಯೂ ಇಲ್ಲದೆ ಪರದೆ ಕಪ್ಪಾಯಿತು. ಸೇವ್ ಆಗದಿದ್ದ ಎರಡು ಪುಟ ಹೋದವು.

ಕರೆಂಟ್ ಬಂದ ಮೇಲೆ ಲ್ಯಾಪ್‌ಟಾಪ್ ಎಂದಿನಂತೆ ಶುರುವಾಯಿತು, ಚಾರ್ಜ್ ಕೂಡ ಏರಿತು. 41ರಿಂದ ನೂರಕ್ಕೆ ಇಪ್ಪತ್ತು ನಿಮಿಷ. ಬೇಗ ಚಾರ್ಜ್ ಆಯಿತಲ್ಲ ಎಂದು ಮಳಿಗೆಯಲ್ಲಿ ಸಮಾಧಾನಪಟ್ಟರು. ಆದರೆ ಇದೇ ಮೊದಲ ದೊಡ್ಡ ಸುಳಿವಾಗಿತ್ತು. 41 ವ್ಯಾಟ್‌ಅವರ್ ಬ್ಯಾಟರಿಗೆ ಶೇಕಡಾ 59 ತುಂಬಬೇಕಾದರೆ ಸುಮಾರು 24 ವ್ಯಾಟ್‌ಅವರ್ ಒಳಗೆ ಹೋಗಬೇಕು. ಕೊನೆಯ ಹಂತದಲ್ಲಿ ಚಾರ್ಜಿಂಗ್ ನಿಧಾನವಾಗುವುದನ್ನೂ ಸೇರಿಸಿದರೆ ಇಂಥ ಯಂತ್ರದಲ್ಲಿ ಅದಕ್ಕೆ ಒಂದು ಗಂಟೆಯ ಮೇಲೇ ಬೇಕು. ಇಪ್ಪತ್ತು ನಿಮಿಷದಲ್ಲಿ ತುಂಬಿತು ಎಂದರೆ ಪಾತ್ರೆಯೇ ಚಿಕ್ಕದಾಗಿದೆ ಎಂದರ್ಥ.

ಮಧ್ಯಾಹ್ನ ಪರೀಕ್ಷೆಗೆಂದು ಚಾರ್ಜರ್ ತೆಗೆದರು. ಈ ಸಲ 63ರಲ್ಲೇ ಆರಿತು.

ಮೊದಲ ಎರಡು ದಿನ ಮಾಡಿದ್ದು

ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಸಿಕ್ಕ ಉತ್ತರ: "ಚಾರ್ಜರ್ ವೀಕ್ ಆಗಿದೆ ಮೇಡಂ, ಬೇರೆ ಹಾಕಿ ನೋಡಿ." ಅದೇ ಮಾದರಿಯ ಇನ್ನೊಂದು ಅಡಾಪ್ಟರ್ ತಂದು ಹಾಕಿದರು, ಏನೂ ಬದಲಾಗಲಿಲ್ಲ. ಅಡಾಪ್ಟರಿನ ಶಂಕೆಯನ್ನು ತೀರಿಸಿಕೊಳ್ಳಲು ಖರ್ಚು ಬೇಕಿರಲಿಲ್ಲ. ಚಾರ್ಜರ್ ಚುಚ್ಚಿರುವಾಗ ಭಾರದ ಕೆಲಸ ಮಾಡಿಸಿದರೂ ಯಂತ್ರ ನಿಲ್ಲದೆ ಓಡುತ್ತಿದೆ, ಚಾರ್ಜರ್ ತೆಗೆದಾಗ ಮಾತ್ರ ಸಾಯುತ್ತಿದೆ ಎಂದಾದರೆ ಅಡಾಪ್ಟರ್ ತನ್ನ ಕೆಲಸ ಮಾಡುತ್ತಿದೆ. ಅನುಮಾನ ಉಳಿದರೆ ಬಯಾಸ್ ಪರದೆ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಸೆಟ್ಟಿಂಗ್ ಪರದೆ, ನೋಡಬಹುದು. ಹಲವು ಡೆಲ್ ಮಾದರಿಗಳಲ್ಲಿ ಅಡಾಪ್ಟರ್ ಎಷ್ಟು ವ್ಯಾಟ್‌ನದು ಎಂದು ಅಲ್ಲಿ ಬರೆದಿರುತ್ತದೆ. ಪಿನ್ನಿನ ನಡುವಿನ ಗುರುತಿನ ತಂತಿ ತುಂಡಾಗಿದ್ದರೆ ಅಲ್ಲೇ 'ಅನ್‌ನೋನ್' ಎಂದು ಬಂದು ಚಾರ್ಜಿಂಗ್ ನಿಂತಿರುತ್ತದೆ.

ಆಮೇಲೆ ಪವರ್ ರೀಸೆಟ್ ಮಾಡಿದರು: ಯಂತ್ರ ಆರಿಸಿ, ಚಾರ್ಜರ್ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯುವುದು. ಡಿವೈಸ್ ಮ್ಯಾನೇಜರ್‌ನ ಬ್ಯಾಟರಿ ವಿಭಾಗದಲ್ಲಿರುವ 'ಎಸಿಪಿಐ ಕಂಪ್ಲಾಯಂಟ್ ಕಂಟ್ರೋಲ್ ಮೆಥಡ್ ಬ್ಯಾಟರಿ'ಯನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟರು. ಎರಡೂ ಮಾಡಲೇಬೇಕಾದವು, ಹತ್ತು ನಿಮಿಷದ ಕೆಲಸ, ಹಾನಿಯಿಲ್ಲ. ಇಲ್ಲಿ ಫಲವೂ ಇರಲಿಲ್ಲ.

ಬ್ಯಾಟರಿ ವರದಿ ತೆಗೆದದ್ದು ಒಳ್ಳೆಯ ಹೆಜ್ಜೆ, ಓದಿದ್ದು ತಪ್ಪು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪವರ್‌ಸಿಎಫ್‌ಜಿ' ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ 'ಬ್ಯಾಟರಿರಿಪೋರ್ಟ್' ಎಂದು ಒಂದೇ ಪದವಾಗಿ ಸೇರಿಸಿ ಎಂಟರ್ ಒತ್ತಿದರೆ ವರದಿಯ ಕಡತ ತಯಾರಾಗುತ್ತದೆ, ಅದು ಎಲ್ಲಿ ಉಳಿದಿದೆ ಎಂದೂ ಅಲ್ಲೇ ಹೇಳುತ್ತದೆ. ಇವರ ವರದಿಯಲ್ಲಿ ವಿನ್ಯಾಸದ ಸಾಮರ್ಥ್ಯ 41,040 ಮಿಲಿವ್ಯಾಟ್‌ಅವರ್, ಪೂರ್ಣ ಚಾರ್ಜ್‌ನ ಸಾಮರ್ಥ್ಯ 36,480, ಸೈಕಲ್ ಎಣಿಕೆ (ಒಟ್ಟು ಒಂದು ಪೂರ್ತಿ ಚಾರ್ಜಿನಷ್ಟು ಬಳಸಿದರೆ ಒಂದು ಸೈಕಲ್) 71. ಮೇಲ್ನೋಟಕ್ಕೆ ಶೇಕಡಾ 89 ಆರೋಗ್ಯ. 300ರಿಂದ 500 ಸೈಕಲ್ ಬಾಳಬೇಕಾದ ಬ್ಯಾಟರಿ ಬರೀ 71 ಓಡಿದೆ. ಬ್ಯಾಟರಿ ಗಟ್ಟಿಯಾಗಿದೆ, ತೊಂದರೆ ಸಾಫ್ಟ್‌ವೇರಿನದ್ದು ಎಂಬ ತೀರ್ಮಾನಕ್ಕೆ ಬಂದುಬಿಟ್ಟರು.

ಆದರೆ ಅದೇ ವರದಿಯನ್ನು ಕೆಳಗೆ ಇಳಿಸಿದರೆ ವಾರವಾರದ ಸಾಮರ್ಥ್ಯದ ಪಟ್ಟಿ ಇತ್ತು. ಅದರಲ್ಲಿ ಹಿಂದಿನ ಹನ್ನೊಂದು ತಿಂಗಳೂ ಒಂದೇ ಅಂಕಿ: 36,480, 36,480, 36,480. ಬಳಕೆಯಲ್ಲಿರುವ ಬ್ಯಾಟರಿಯ ಅಂಕಿ ಹೀಗೆ ಕಲ್ಲಿನಂತೆ ನಿಲ್ಲುವುದಿಲ್ಲ, ಸ್ವಲ್ಪ ಸ್ವಲ್ಪವಾದರೂ ಏರಿಳಿಯುತ್ತದೆ. ಪರದೆಯ ಮೂಲೆಯಲ್ಲಿ ಕಾಣುವ ಶೇಕಡಾ ಅಳೆದು ಹೇಳಿದ ಲೆಕ್ಕವಲ್ಲ. ಬ್ಯಾಟರಿಯೊಳಗಿನ ಗೇಜ್ ಚಿಪ್ ಒಳಹೋದ, ಹೊರಬಂದ ಕರೆಂಟನ್ನು ಎಣಿಸಿ ಮಾಡುವ ಅಂದಾಜು ಅದು. ಪೂರ್ತಿ ತುಂಬಿದ್ದೂ ಸಾಕಷ್ಟು ಕೆಳಗಿಳಿದದ್ದೂ ಎರಡೂ ನಡೆದಾಗಲೇ ಆ ಚಿಪ್ ತನ್ನ ಅಂದಾಜನ್ನು ತಿದ್ದಿಕೊಳ್ಳುತ್ತದೆ. ಸದಾ ಚಾರ್ಜರಿನಲ್ಲೇ ಇದ್ದ ಈ ಬ್ಯಾಟರಿಗೆ ತಿದ್ದಿಕೊಳ್ಳುವ ಅವಕಾಶವೇ ಬಂದಿರಲಿಲ್ಲ. ಹನ್ನೊಂದು ತಿಂಗಳ ಹಿಂದಿನ ಆರೋಗ್ಯವನ್ನೇ ಅದು ಇವತ್ತಿನದೆಂದು ಹೇಳುತ್ತಿತ್ತು.

ಸೈಕಲ್ ಎಣಿಕೆ ಕಡಿಮೆ ಇದೆ ಎಂದ ಮಾತ್ರಕ್ಕೆ ಬ್ಯಾಟರಿ ಆರೋಗ್ಯವಾಗಿದೆ ಎಂದಲ್ಲ. ಲಿಥಿಯಂ ಅಯಾನ್ ಸೆಲ್ ಬಳಸಿದರೂ ಸವೆಯುತ್ತದೆ, ಸುಮ್ಮನೆ ಇಟ್ಟರೂ ಸವೆಯುತ್ತದೆ. ಪೂರ್ತಿ ತುಂಬಿದ ಸ್ಥಿತಿ ಮತ್ತು ಬಿಸಿ ಸೇರಿದರೆ ಎರಡನೆಯದರ ವೇಗ ಹೆಚ್ಚು. ಒಳಗಿನ ದ್ರಾವಣ ಒಡೆದು ಅನಿಲ ಹುಟ್ಟುತ್ತದೆ, ಚಪ್ಪಟೆ ಸೆಲ್‌ನ ಚೀಲ ಉಬ್ಬುತ್ತದೆ.

ಎರಡನೆಯ ರಾತ್ರಿಯ ತಪ್ಪು

ಸಾಫ್ಟ್‌ವೇರ್ ತೊಂದರೆ ಎಂದು ನಂಬಿದ ಮೇಲೆ ಸಹಜವಾಗಿ ಬಂದದ್ದು ಕ್ಯಾಲಿಬ್ರೇಷನ್ ಸಲಹೆ: ಪೂರ್ತಿ ಖಾಲಿ ಮಾಡಿ, ಪೂರ್ತಿ ತುಂಬಿಸಿ, ಎರಡು ಸಲ. ಮೊದಲ ಸುತ್ತು ಸಂಜೆಗೆ ಮುಗಿಯಿತು. ಎರಡನೆಯದಕ್ಕೆ ಲ್ಯಾಪ್‌ಟಾಪನ್ನು ಚಾರ್ಜಿಗಿಟ್ಟು ಮಳಿಗೆಗೆ ಬಾಗಿಲು ಹಾಕಿ ಮನೆಗೆ ಹೋದರು. ಸುತ್ತ ಕಾಗದದ ಕಟ್ಟುಗಳು, ಬೀರುವಿನಲ್ಲಿ ಜನರ ಮೂಲ ದಾಖಲೆಗಳು.

ಇಡೀ ಪ್ರಕರಣದಲ್ಲಿ ಅತ್ಯಂತ ಅಪಾಯದ ನಿರ್ಧಾರ ಇದೇ. ಕ್ಯಾಲಿಬ್ರೇಷನ್ ಮಾಡುವುದು ಗೇಜ್ ತಪ್ಪು ತೋರಿಸುತ್ತಿದ್ದು ಸೆಲ್ ಸರಿಯಿದ್ದಾಗ. ಉದಾಹರಣೆಗೆ ಶೇಕಡಾ 10ರಲ್ಲಿ ಗಂಟೆಗಟ್ಟಲೆ ನಿಲ್ಲುವುದು, ಅಥವಾ ತುಂಬಿದ ಮೇಲೂ 96ರಲ್ಲೇ ಉಳಿಯುವುದು. ಅರ್ಧ ಚಾರ್ಜ್ ತೋರಿಸುತ್ತ ಒಮ್ಮೆಲೇ ಕಡಿದುಹೋಗುವ ಬ್ಯಾಟರಿಗೆ ಅದನ್ನು ಮಾಡಬಾರದು. ಕಡಿಯುತ್ತಿರುವುದು ಗೇಜ್ ಅಲ್ಲ, ರಕ್ಷಣೆಯ ಸರ್ಕ್ಯೂಟ್. ಮೂರು ಸೆಲ್ ಸರಣಿಯಲ್ಲಿದ್ದಾಗ ದುರ್ಬಲವಾದ ಒಂದರ ವೋಲ್ಟೇಜ್ ಮಿತಿಗಿಂತ ಕೆಳಗೆ ಬಿದ್ದರೆ ಉಳಿದೆರಡರಲ್ಲಿ ಎಷ್ಟೇ ಇದ್ದರೂ ಇಡೀ ಪ್ಯಾಕ್ ನಿಲ್ಲಬೇಕು. ನೊಗದಲ್ಲಿ ಒಂದು ಎತ್ತು ಕುಸಿದರೆ ಇನ್ನೊಂದಕ್ಕೆ ಬಲವಿದ್ದೂ ಬಂಡಿ ನಿಲ್ಲುವ ಹಾಗೆ. ಅಂಥ ಸೆಲ್ಲನ್ನು ಬೇಕೆಂದೇ ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಿಸುವುದು ಎಂದರೆ ಗಾಯವಾದ ಜಾಗಕ್ಕೇ ಮತ್ತೆ ಹೊಡೆದಂತೆ.

ಬುಧವಾರ ಬೆಳಿಗ್ಗೆ ಪರದೆಯಲ್ಲಿ ಶೇಕಡಾ 0, 'ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್' ಎಂದಿತ್ತು. ರಕ್ಷಣಾ ಸರ್ಕ್ಯೂಟ್ ಈ ಪ್ಯಾಕ್ ಇನ್ನು ಬೇಡ ಎಂದು ತಾನೇ ಶಾಶ್ವತವಾಗಿ ಬಾಗಿಲು ಮುಚ್ಚಿತ್ತು. ಬೆಂಕಿ ಬೀಳದೆ ಉಳಿದದ್ದರಲ್ಲಿ ಈ ಸರ್ಕ್ಯೂಟಿನ ಪಾಲು ದೊಡ್ಡದು.

ಮೇಜಿನ ಕೆಳಗಿನ ರಟ್ಟು

ತಿರುವು ಬಂದದ್ದು ಬೇರೆಯೇ ದೂರಿನಿಂದ. ಸಹಾಯಕ ಹುಡುಗ "ಅಕ್ಕ, ಮೌಸ್ ಪ್ಯಾಡ್ ಒತ್ತಿದರೆ ಕ್ಲಿಕ್ಕೇ ಆಗ್ತಿಲ್ಲ" ಎಂದ. ಟಚ್‌ಪ್ಯಾಡಿನ ಎಡಗಡೆ ಮೂರು ವಾರದಿಂದ ಬಿಗಿಯಾಗಿತ್ತಂತೆ, ಧೂಳು ಸೇರಿದೆ ಎಂದುಕೊಂಡಿದ್ದರು. ಇನ್ನೂ ಒಂದು ವಿಷಯ. ಲ್ಯಾಪ್‌ಟಾಪ್ ಮೇಜಿನ ಮೇಲೆ ಕುಂಟುತ್ತಿದೆ ಎಂದು ಒಂದು ಮೂಲೆಯ ಕೆಳಗೆ ನಾಲ್ಕು ಮಡಿಕೆ ಮಾಡಿದ ರಟ್ಟು ಇಟ್ಟಿದ್ದರು, ಎರಡು ವಾರದ ಹಿಂದೆ. ಹಳೆ ಮರದ ಮೇಜು, ಮಳೆಗೆ ಸೊಟ್ಟಗಾಗಿದೆ ಎಂದೇ ಎಲ್ಲರೂ ತಿಳಿದಿದ್ದರು.

ರಟ್ಟು ತೆಗೆದು ಲ್ಯಾಪ್‌ಟಾಪನ್ನು ಟೈಲ್ಸ್ ನೆಲದ ಮೇಲೆ ಇಟ್ಟರು. ಅಲ್ಲೂ ಕುಂಟಿತು. ಕಣ್ಣಿನ ಮಟ್ಟಕ್ಕೆ ಎತ್ತಿ ಪಕ್ಕದಿಂದ ನೋಡಿದರೆ ಕೆಳಮುಚ್ಚಳದ ನಡುವೆ ಹೊಟ್ಟೆ ಬಂದಿತ್ತು. ಮುಂದಿನ ಅಂಚಿನ ಸಂದಿಯಲ್ಲಿ ಉಗುರು ಹೋಗುವಷ್ಟು ಬಿರುಕು ಬಿಟ್ಟಿತ್ತು. ಬ್ಯಾಟರಿಯ ದೂರು, ಟಚ್‌ಪ್ಯಾಡಿನ ದೂರು, ಮೇಜಿನ ದೂರು ಮೂರೂ ಒಂದೇ ಆಗಿದ್ದವು. ಹೀಗೆ ಕಣ್ಣಿನಲ್ಲಿ, ಕೈಯಲ್ಲಿ ನೋಡುವ ಪರೀಕ್ಷೆಗೆ ಎರಡು ನಿಮಿಷ ಸಾಕು. ಸೋಮವಾರವೇ ಮೊದಲು ಇದನ್ನು ಮಾಡಿದ್ದರೆ ಆ ರಾತ್ರಿಯ ಚಾರ್ಜಿಂಗ್ ನಡೆಯುತ್ತಲೇ ಇರಲಿಲ್ಲ.

ಅಲ್ಲಿಂದ ಮುಂದಿನ ಹೆಜ್ಜೆಗಳು ಸರಿಯಾದ ಕ್ರಮದಲ್ಲಿ ನಡೆದವು. ಕೂಡಲೇ ಚಾರ್ಜರ್ ತೆಗೆದು, ಯಂತ್ರವನ್ನು ಕಾಗದಗಳಿಂದ ದೂರ ಸಿಮೆಂಟ್ ಜಗುಲಿಗೆ ಸಾಗಿಸಿದರು. ಉಬ್ಬನ್ನು ಒತ್ತಿ ಕೂರಿಸುವ ಪ್ರಯತ್ನ ಯಾರೂ ಮಾಡಲಿಲ್ಲ. ಲ್ಯಾಪ್‌ಟಾಪ್ ಬಿಚ್ಚಿ ಅನುಭವವಿದ್ದ ರಿಪೇರಿಯವರೊಬ್ಬರನ್ನು ಜಿಲ್ಲಾ ಕೇಂದ್ರದಿಂದ ಕರೆಸಿದರು. ಬಿಚ್ಚುವ ಮೊದಲು ಅವರು ಕೇಳಿದ್ದು ಡಿಸ್ಕಿಗೆ ಬೀಗ ಹಾಕಿಡುವ ವಿಂಡೋಸ್‌ನ ಬಿಟ್‌ಲಾಕರ್ ಸೌಲಭ್ಯದ 48 ಅಂಕಿಯ ರಿಕವರಿ ಕೀ. ಬಯಾಸ್ ಸೆಟ್ಟಿಂಗ್ ಅಳಿಸಿಹೋದರೆ ಕೆಲವು ಯಂತ್ರ ಆ ಕೀ ಇಲ್ಲದೆ ಡಿಸ್ಕ್ ತೆರೆಯುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯನ್ನು ಫೋನಿನಲ್ಲಿ ತೆರೆದು ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡರು.

ಕೆಳಮುಚ್ಚಳಕ್ಕೆ ಎಂಟು ಸ್ಕ್ರೂ. ಎರಡು ಹಿಂಬದಿಯ ರಬ್ಬರ್ ಪಟ್ಟಿಯ ಅಡಿಯಲ್ಲಿ ಅಡಗಿದ್ದವು, ಅವನ್ನು ಕಾಣದೆ ಮುಚ್ಚಳ ಎಳೆದರೆ ಕೊಕ್ಕೆ ಮುರಿಯುತ್ತದೆ. ಉದ್ದ, ಗಿಡ್ಡ ಸ್ಕ್ರೂಗಳನ್ನು ಕಾಗದದ ಮೇಲೆ ಇದ್ದ ಜಾಗದ ಪ್ರಕಾರವೇ ಸಾಲಾಗಿ ಇಟ್ಟರು, ಏಕೆಂದರೆ ಗಿಡ್ಡದರ ಜಾಗಕ್ಕೆ ಉದ್ದದ್ದು ಹೋದರೆ ಒಳಗಿನದನ್ನು ಚುಚ್ಚುತ್ತದೆ. ಮುಚ್ಚಳ ಎಬ್ಬಿಸಲು ಪ್ಲಾಸ್ಟಿಕ್ ಪಟ್ಟಿ ಮಾತ್ರ ಬಳಸಿದರು, ಅದೂ ಬ್ಯಾಟರಿ ಇಲ್ಲದ ಕೀಲಿನ ಬದಿಯಿಂದ. ಉಬ್ಬಿದ ಸೆಲ್ ಇರುವಾಗ ಲೋಹದ ಸ್ಕ್ರೂಡ್ರೈವರಿನಿಂದ ಮೀಟುವುದು ಮಾಡಬಾರದ ಕೆಲಸ. ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿ, ಆಮೇಲೆ ಪ್ಯಾಕಿನ ನಾಲ್ಕು ಸ್ಕ್ರೂ ಬಿಚ್ಚಿ, ಎರಡೂ ತುದಿ ಹಿಡಿದು ಬಾಗದಂತೆ ಎತ್ತಿದರು.

ಎರಡು ಬದಿಯ ಸೆಲ್‌ಗಳು ಸುಮಾರು 5 ಮಿಲಿಮೀಟರ್ ದಪ್ಪ ಇದ್ದವು. ಟಚ್‌ಪ್ಯಾಡಿನ ಕೆಳಗಿದ್ದ ನಡುವಿನದು 9 ಮಿಲಿಮೀಟರ್, ದಿಂಬಿನ ಹಾಗೆ. ಕನೆಕ್ಟರಿನ ಡೇಟಾ ತಂತಿಗಳ ಮೂಲಕ ಗೇಜ್ ಚಿಪ್ಪನ್ನು ಓದುವ ಸಾಧನ ಅವರ ಬಳಿ ಇತ್ತು, ಹಾಗಾಗಿ ಪ್ಯಾಕಿನ ಟೇಪು ಕೀಳದೆಯೇ ಸೆಲ್‌ಗಳ ವೋಲ್ಟೇಜ್ ಗೊತ್ತಾಯಿತು: 3.71, 2.64, 3.70. ರೋಗ ಯಾವುದರಲ್ಲಿ ಎಂಬುದಕ್ಕೆ ಇನ್ನು ಸಾಕ್ಷಿ ಬೇಡ. (ಮಲ್ಟಿಮೀಟರಿನ ಕಡ್ಡಿಯನ್ನು ಕನೆಕ್ಟರಿಗೆ ಇಟ್ಟು ಸೊನ್ನೆ ಬಂತೆಂದು ಬ್ಯಾಟರಿ ಸತ್ತಿದೆ ಎನ್ನುವವರಿದ್ದಾರೆ. ಯಂತ್ರಕ್ಕೆ ಜೋಡಿಸಿದಾಗ ಮಾತ್ರ ಹೊರಗೆ ವೋಲ್ಟೇಜ್ ಕೊಡುವ ಪ್ಯಾಕ್‌ಗಳು ಬಹಳ ಇವೆ, ಆ ಪರೀಕ್ಷೆ ನಂಬುವಂಥದ್ದಲ್ಲ.)

ತೆಗೆದ ಬ್ಯಾಟರಿಯ ಕನೆಕ್ಟರಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಒಣ ಮರಳು ತುಂಬಿದ ಕಬ್ಬಿಣದ ಬಕೆಟಿನಲ್ಲಿ ಹೂತು, ಮಳೆ ಬೀಳದ ತೆರೆದ ಜಾಗದಲ್ಲಿ ಸೌದೆಯಿಂದ ದೂರ ಇಟ್ಟರು. ಮುಚ್ಚಳ ಬಿಗಿಯಾಗಿ ಹಾಕಲಿಲ್ಲ, ಅನಿಲ ಹೊರಟರೆ ಹೋಗಲು ದಾರಿ ಬೇಕು. ಉಪ್ಪುನೀರಿನಲ್ಲಿ ಮುಳುಗಿಸಿ ಎಂದು ಯಾರೋ ಹೇಳಿದ್ದನ್ನು ಕೇಳದೆ ಹೋದದ್ದು ಸರಿ. ತುದಿಗಳು ತುಕ್ಕು ತಿಂದು, ಖಾಲಿಯಾಯಿತೋ ಇಲ್ಲವೋ ತಿಳಿಯದ ಬ್ಯಾಟರಿ ಕೈಯಲ್ಲಿ ಉಳಿಯುತ್ತದೆ.

ಮೂರು ದಾರಿ, ಒಂದು ಆಯ್ಕೆ

ಮೊದಲನೆಯದು ಸೆಲ್ ಬದಲಾಯಿಸುವುದು, 1,500 ರೂಪಾಯಿ. ಹಿಂದೆ ಹೊರಗೆ ಕಳಚುವ ಉದ್ದನೆಯ ಪ್ಯಾಕ್‌ಗಳಲ್ಲಿ ದುಂಡನೆಯ ಸೆಲ್‌ಗಳಿದ್ದ ಕಾಲದಿಂದ ಬಂದ ರೂಢಿ. ಚಪ್ಪಟೆ ಸೆಲ್‌ಗಳಿಗೆ ಅದು ಒಗ್ಗುವುದಿಲ್ಲ. ಒಂದೇ ಸೆಲ್ ಹೊಸದಾದರೆ ಉಳಿದೆರಡಕ್ಕೂ ಅದಕ್ಕೂ ಹೊಂದದೆ ಮತ್ತೆ ಅದೇ ಅಸಮತೋಲನ. ಮೂರನ್ನೂ ಬದಲಿಸಿದರೂ ಗೇಜ್ ಚಿಪ್ ಹಾಕಿಕೊಂಡ ಶಾಶ್ವತ ಬೀಗ ತೆರೆಯಬೇಕು, ಅಂದರೆ ಜೀವ ಉಳಿಸಿದ ಕಾವಲನ್ನೇ ಸುಮ್ಮನಾಗಿಸಬೇಕು. ಬೇಡವೆಂದರು.

ಎರಡನೆಯದು ಪಟ್ಟಣದ ಅಂಗಡಿಯ 'ಕಂಪ್ಯಾಟಿಬಲ್' ಬ್ಯಾಟರಿ, 2,200 ರೂಪಾಯಿ. ಲೇಬಲ್ ಮೇಲೆ ದಪ್ಪ ಅಕ್ಷರದಲ್ಲಿ 4,500 ಎಂಎಎಚ್, ಕೆಳಗೆ ಸಣ್ಣದಾಗಿ 11.4 ವೋಲ್ಟ್, 41 ವ್ಯಾಟ್‌ಅವರ್. ಇಲ್ಲಿ ಕ್ಯಾಲ್ಕುಲೇಟರ್ ಹಿಡಿಯಬೇಕು. 11.4ನ್ನು 4.5ರಿಂದ ಗುಣಿಸಿದರೆ 51.3 ಬರುತ್ತದೆ, 41 ಅಲ್ಲ. ಮೂಲ ಬ್ಯಾಟರಿ 3,600 ಎಂಎಎಚ್: 11.4 ಗುಣಿಸು 3.6, ಸರಿಯಾಗಿ 41.04. ತನ್ನ ಲೇಬಲ್ಲಿನ ಲೆಕ್ಕವೇ ತಾಳೆಯಾಗದ ಬ್ಯಾಟರಿಯೊಳಗೆ ಏನಿದೆ ಎಂದು ನಂಬುವುದು ಹೇಗೆ? ಭಾರತೀಯ ಮಾನಕ ಬ್ಯೂರೋದ ಗುರುತೂ, ಐಎಸ್ 16046 ಎಂಬ ಮಾನದಂಡದ ಉಲ್ಲೇಖವೂ, 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಅದರ ಮೇಲೆ ಇರಲಿಲ್ಲ. ಆ ಸಂಖ್ಯೆ ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಯಾರ ಹೆಸರಿನದು ಎಂದು ಅಂಗಡಿಯಲ್ಲೇ ನಿಂತು ನೋಡಬಹುದು.

ಮೂರನೆಯದು ಕಂಪನಿಯ ಸೇವಾ ಕೇಂದ್ರದ ಮೂಲಕ ಮೂಲ ಬ್ಯಾಟರಿ, 4,800 ರೂಪಾಯಿ, ಎಂಟು ಹತ್ತು ದಿನ ಕಾಯಬೇಕು. ಇದನ್ನೇ ಆರಿಸಿದರು. ಆರ್ಡರ್ ಕೊಟ್ಟದ್ದು ಲ್ಯಾಪ್‌ಟಾಪಿನ ಮಾದರಿಯ ಹೆಸರಿನಿಂದಲ್ಲ, ಹಳೆ ಬ್ಯಾಟರಿಯ ಮೇಲಿದ್ದ ಪಾರ್ಟ್ ನಂಬರಿನಿಂದ. ಒಂದೇ ಹೆಸರಿನ ಲ್ಯಾಪ್‌ಟಾಪಿನೊಳಗೆ ಎರಡು ಮೂರು ಬಗೆಯ ಬ್ಯಾಟರಿ ಬಂದಿರುವುದು ಸಾಮಾನ್ಯ.

ಬ್ಯಾಟರಿಯಿಲ್ಲದ ಒಂಬತ್ತು ದಿನ

ಈ ಮಾದರಿಯ ಲ್ಯಾಪ್‌ಟಾಪ್ ಬ್ಯಾಟರಿ ಇಲ್ಲದೆ ಅಡಾಪ್ಟರಿನಲ್ಲೇ ಓಡುತ್ತದೆ. ಆದರೆ ಕರೆಂಟ್ ಕಣ್ಣು ಮಿಟುಕಿಸಿದರೂ ಯಂತ್ರ ಸತ್ತಿತು ಎಂದೇ. ಮಳಿಗೆಯಲ್ಲಿ ಪ್ರಿಂಟರಿಗೆಂದು ಇಟ್ಟಿದ್ದ 600 ವಿಎ ಯುಪಿಎಸ್‌ಗೆ ಲ್ಯಾಪ್‌ಟಾಪನ್ನು ಸಿಕ್ಕಿಸಿ, ಪ್ರಿಂಟರನ್ನು ಗೋಡೆಯ ಸಾಕೆಟಿಗೆ ಹಾಕಿದರು. ಯುಪಿಎಸ್ ಒಳಗಿನದು 12 ವೋಲ್ಟ್, 7 ಆಂಪಿಯರ್ ಅವರ್, ಅಂದರೆ 84 ವ್ಯಾಟ್‌ಅವರ್. ಹಳೆಯದಾಗಿ ಅರ್ಧವೇ ಉಳಿದಿದೆ ಎಂದರೂ ಟೈಪಿಂಗ್ ಕೆಲಸಕ್ಕೆ ಅರ್ಧ ಗಂಟೆ ದಾಟುತ್ತದೆ. ಲೇಸರ್ ಪ್ರಿಂಟರನ್ನು ಮಾತ್ರ ಅದೇ ಯುಪಿಎಸ್‌ಗೆ ಬಿಡಬಾರದು, ಬಿಸಿಯಾಗುವ ಹೊತ್ತಿಗೆ ಅದು ಎಳೆಯುವ ಕರೆಂಟಿಗೆ ಯುಪಿಎಸ್ ತಡೆಯದು. ವರ್ಡ್‌ನ ತಾನಾಗಿ ಉಳಿಸುವ ಅವಧಿಯನ್ನು 10ರಿಂದ 2 ನಿಮಿಷಕ್ಕೆ ಇಳಿಸಿದರು.

ಶನಿವಾರ ಬೆಳಿಗ್ಗೆ ಅನಿರೀಕ್ಷಿತ ತೊಂದರೆ: ಯಾವ ಸರ್ಕಾರಿ ಜಾಲತಾಣವೂ ತೆರೆಯುತ್ತಿಲ್ಲ, ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ಇಂಟರ್‌ನೆಟ್ ಸರಿಯಿಲ್ಲ ಎಂದು ಮುಕ್ಕಾಲು ಗಂಟೆ ರೌಟರ್ ಆರಿಸಿ ಹಚ್ಚಿ ಮಾಡಿದರು. ಕಾರಣ ಮೂಲೆಯ ದಿನಾಂಕದಲ್ಲಿತ್ತು, ವರ್ಷಗಳಷ್ಟು ಹಿಂದಕ್ಕೆ ಹೋಗಿತ್ತು. ಈಚಿನ ಹಲವು ತೆಳು ಲ್ಯಾಪ್‌ಟಾಪುಗಳಲ್ಲಿ ಗಡಿಯಾರಕ್ಕೆಂದು ಬೇರೆಯಾಗಿ ನಾಣ್ಯದಾಕಾರದ ಸೆಲ್ ಇರುವುದಿಲ್ಲ, ಮುಖ್ಯ ಬ್ಯಾಟರಿಯೇ ಅದನ್ನೂ ಓಡಿಸುತ್ತದೆ. ರಾತ್ರಿ ಯುಪಿಎಸ್ ಆರಿಸಿದ್ದರಿಂದ ಗಡಿಯಾರ ಅಳಿಸಿಹೋಗಿತ್ತು, ಜಾಲತಾಣಗಳ ಪ್ರಮಾಣಪತ್ರದ ಅವಧಿ ಆ ದಿನಾಂಕಕ್ಕೆ ಹೊಂದುತ್ತಿರಲಿಲ್ಲ. ದಿನಾಂಕವನ್ನು ಕೈಯಿಂದ ಸರಿಮಾಡಿ 'ಸಿಂಕ್ ನೌ' ಒತ್ತಿದ ಮೇಲೆ ಎಲ್ಲ ತೆರೆದವು. ಬ್ಯಾಟರಿ ತೆಗೆದ ಯಂತ್ರದಲ್ಲಿ ದಸ್ತಾವೇಜು ಕೆಲಸ ಮಾಡುವವರು ದಿನ ಬೆಳಿಗ್ಗೆ ಮೊದಲು ನೋಡಬೇಕಾದದ್ದು ದಿನಾಂಕವನ್ನೇ.

ಹೊಸ ಬ್ಯಾಟರಿ, ಹಳೆ ಬ್ಯಾಟರಿ

ಬಂದ ಪ್ಯಾಕಿನ ತಯಾರಿಕೆ ಏಳು ತಿಂಗಳ ಹಿಂದಿನದು. ಜೋಡಿಸುವ ಮೊದಲೇ ಓದಿಸಿದಾಗ ಸೆಲ್‌ಗಳು 3.79, 3.79, 3.78. ಅರ್ಧ ಚಾರ್ಜಿನ ಆಸುಪಾಸು, ಮೂರೂ ಸಮ. ಇಟ್ಟು ಮಾರುವ ಬ್ಯಾಟರಿ ಹೀಗಿರಬೇಕು. ಮುಚ್ಚಳ ಒತ್ತಾಯವಿಲ್ಲದೆ ಕೂತಿತು, ಟಚ್‌ಪ್ಯಾಡ್ ತಾನಾಗಿಯೇ ಮೊದಲಿನಂತೆ ಕ್ಲಿಕ್ ಆಯಿತು.

ಅದೇ ದಿನ ಚಾರ್ಜ್ ಮಿತಿಯನ್ನು ಶೇಕಡಾ 80ಕ್ಕೆ ಕಟ್ಟಿದರು. ಇಂಥ ಮಿತಿಗೆ ಲೆನೊವೊದಲ್ಲಿ ಕನ್ಸರ್ವೇಷನ್ ಮೋಡ್ ಎಂಬ ಹೆಸರು, ಡೆಲ್‌ನಲ್ಲಿ ಪ್ರೈಮರಿಲಿ ಎಸಿ ಯೂಸ್, ಎಚ್‌ಪಿಯ ಹಲವು ಮಾದರಿಗಳಲ್ಲಿ ಬಯಾಸ್ ಒಳಗೆ ಬ್ಯಾಟರಿ ಹೆಲ್ತ್ ಮ್ಯಾನೇಜರ್. 41ರ ಶೇಕಡಾ 80 ಎಂದರೆ ಸುಮಾರು 33 ವ್ಯಾಟ್‌ಅವರ್. ಟೈಪಿಂಗಿಗೆ 12 ವ್ಯಾಟ್ ಹಿಡಿದರೂ ಎರಡೂವರೆ ಗಂಟೆ ದಾಟುತ್ತದೆ, ಕರೆಂಟ್ ಹೋದಾಗಿನ ಕೆಲಸಕ್ಕೆ ಧಾರಾಳ ಸಾಕು. ತಿಂಗಳಿಗೊಮ್ಮೆ ಮಾತ್ರ ಮಿತಿ ತೆಗೆದು ಪೂರ್ತಿ ತುಂಬಿಸಿ, ಚಾರ್ಜರ್ ಕಳಚಿ ಶೇಕಡಾ 20ರ ಹತ್ತಿರದವರೆಗೆ ಓಡಿಸುತ್ತಾರೆ, ಗೇಜ್ ತನ್ನ ಲೆಕ್ಕ ತಿದ್ದಿಕೊಳ್ಳಲಿ ಎಂದು. ಆರೋಗ್ಯವಂತ ಬ್ಯಾಟರಿಗೆ ಇದು ಹಾನಿಯಲ್ಲ.

ಹಳೆಯದನ್ನು ಗುಜರಿಗೆ ಹಾಕಲಿಲ್ಲ. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಬಳಸಿದ ಬ್ಯಾಟರಿಯನ್ನು ಮನೆಯ ಕಸದಿಂದ ಬೇರೆ ಇಡುವುದು ಬಳಕೆದಾರರ ಹೊಣೆ, ಅದನ್ನು ಹಿಂಪಡೆದು ಮರುಬಳಕೆಗೆ ತಲುಪಿಸುವುದು ಉತ್ಪಾದಕರ ಹೊಣೆ. ಉಬ್ಬಿದ ಬ್ಯಾಟರಿ ಎಂದು ಮೊದಲೇ ಫೋನಿನಲ್ಲಿ ತಿಳಿಸಿ, ಸೇವಾ ಕೇಂದ್ರ ಒಪ್ಪಿದ ಮೇಲೆ ಹೊರಟರು. ಕೊರಿಯರ್ ಬೇಡ, ಜನ ತುಂಬಿದ ಬಸ್ಸೂ ಬೇಡ ಎಂದು ಪರಿಚಯದವರ ಪಿಕಪ್ಪಿನ ಹಿಂಬದಿಯಲ್ಲಿ ಮರಳಿನ ಬಕೆಟನ್ನು ಹಗ್ಗ ಕಟ್ಟಿ ಒಯ್ದು ಒಪ್ಪಿಸಿ, ರಸೀದಿ ಪಡೆದರು.

ಮೂರು ತಿಂಗಳ ನಂತರ ತೆಗೆದ ವರದಿಯಲ್ಲಿ ಪೂರ್ಣ ಸಾಮರ್ಥ್ಯದ ಅಂಕಿ 41,040, 40,890, 40,920 ಎಂದು ಸಣ್ಣಗೆ ಅಲುಗಾಡುತ್ತಿತ್ತು. ಲ್ಯಾಪ್‌ಟಾಪಿನ ನಾಲ್ಕೂ ಕಾಲು ಮೇಜು ಮುಟ್ಟಿದ್ದವು, ರಟ್ಟಿಲ್ಲದೆ.